ವೈಫೈ ಆಫ್ ಮಾಡಿ ಕೋಡ್ ಬರೆಯುವುದು

ಗಮನ ಕೆಡದ ಹಾಗೆ ಕೆಲಸ ಮಾಡಬೇಕಾ, ಬ್ರೌಸರ್ ಮುಚ್ಚಿ. ಎಲ್ಲರೂ ಮೊದಲು ಕೊಡುವ ಸಲಹೆ ಇದೇ. ವೆಬ್ ಡೆವಲಪರ್‌ಗೆ ಇದನ್ನು ಹೇಳಿ ಏನು ಪ್ರಯೋಜನ? ನಮ್ಮ ಕೆಲಸ ನಡೆಯುವುದೇ ಬ್ರೌಸರ್‌ನಲ್ಲಿ. ಎಡಿಟರ್‌ನಲ್ಲಿ ಒಂದು ಸಾಲು ಬದಲಿಸಿದರೂ ಅದು ಹೇಗೆ ಕಾಣುತ್ತದೆ ಅಂತ ನೋಡಲು ಅಲ್ಲಿಗೇ ಹೋಗಬೇಕು. ಹೋದರೆ ನಮ್ಮ ಪುಟದ ಪಕ್ಕದ ಟ್ಯಾಬ್‌ನಲ್ಲಿ ಚಾಟ್ ಇದೆ, ಮೇಲ್ ಇದೆ, ಸುದ್ದಿ ಇದೆ, ನಿನ್ನೆ ಅರ್ಧ ನೋಡಿ ಬಿಟ್ಟ ವಿಡಿಯೊ ಇದೆ. ಕೆಲಸ ಮಾಡುವ ಜಾಗವೂ ಹೊತ್ತು ಕಳೆಯುವ ಜಾಗವೂ ಒಂದೇ. ಹಾಗಾಗಿ ನಾನು ಬ್ರೌಸರ್ ಮುಚ್ಚಲಿಲ್ಲ, ಇಂಟರ್ನೆಟ್ಟನ್ನೇ ಮುಚ್ಚಿ ನೋಡಿದೆ. ಕೋಡ್ ಬರೆಯುವ ಹೊತ್ತಿನಲ್ಲಿ ಮಾತ್ರ, ಬೆಳಗಿನ ಕೆಲವು ಗಂಟೆ. ಆಮೇಲೆ ಅದೇ ದಾರಿಯಲ್ಲಿ ಮುಂದೆ ಹೋಗಿ ರಜೆಯನ್ನು ರಜೆಯ ಥರ ಕಳೆಯುವುದನ್ನೂ ಕಲಿತೆ. ಅದು ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ.

ನಾನು ಈ ಕೆಲಸ ಶುರು ಮಾಡಿದ್ದು ಜೆಕ್ವೆರಿ ಕಾಲದಲ್ಲಿ. ಈಗ ರಿಯಾಕ್ಟ್, ಟೈಪ್‌ಸ್ಕ್ರಿಪ್ಟ್, ನಾಳೆ ಇನ್ನೇನೋ. ಟೂಲ್‌ಗಳು ಬದಲಾಗುವುದು ನನಗೆ ಬೇಜಾರಿನ ವಿಷಯವಲ್ಲ. ಬದಲಾದದ್ದು ಸಂಜೆಯ ಸುಸ್ತು. ಮೊದಲೆಲ್ಲ ಜಾಸ್ತಿ ಕೋಡ್ ಬರೆದು ಸುಸ್ತಾಗುತ್ತಿತ್ತು. ಬರಬರುತ್ತಾ ಏನೂ ಬರೆಯದೆಯೇ ಸುಸ್ತಾಗತೊಡಗಿತು. ಇಡೀ ದಿನ ಕೂತಿದ್ದೇನೆ, ಯಾರನ್ನೂ ಕಾಯಿಸಿಲ್ಲ, ಬಂದ ಮೆಸೇಜಿಗೆಲ್ಲ ಉತ್ತರ ಕೊಟ್ಟಿದ್ದೇನೆ. ಆದರೂ ಬೆಳಿಗ್ಗೆ ತೆರೆದ ಫೈಲ್ ತೆರೆದ ಹಾಗೇ ಇದೆ.

ಮೊದಲು ಏನನ್ನೂ ಬದಲಿಸಲಿಲ್ಲ, ಸುಮ್ನೆ ಗಮನಿಸಿದೆ. ಕೀಬೋರ್ಡ್ ಪಕ್ಕ ಒಂದು ಹಾಳೆ ಇಟ್ಟುಕೊಂಡೆ. ಎಡಿಟರ್ ಮತ್ತು ನನ್ನ ಪುಟ ಬಿಟ್ಟು ಬೇರೆ ಎಲ್ಲಿಗೆ ಹೋದರೂ ಒಂದು ಗೀಟು, ಅದರ ಪಕ್ಕ ಯಾಕೆ ಹೋದೆ ಅಂತ ಒಂದೆರಡು ಪದ. ಇದಕ್ಕೆ ಆ್ಯಪ್‌ಗಳೂ ಇವೆ. ಆದರೆ ಅವು ಎಲ್ಲಿ ಹೋದೆ ಅಂತ ಹೇಳುತ್ತವೆ, ಯಾಕೆ ಹೋದೆ ಅಂತ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಹಾಳೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ಪದ ‘ಕಾಯ್ತಾ ಇದ್ದೆ’. ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಕೋಡ್) ಇನ್‌ಸ್ಟಾಲ್ ಆಗುವವರೆಗೆ, ಟೆಸ್ಟ್ ಮುಗಿಯುವವರೆಗೆ, ಕೋಡನ್ನು ತಾನಾಗಿ ಪರೀಕ್ಷಿಸುವ ಪೈಪ್‌ಲೈನ್ ಹಸಿರಾಗುವವರೆಗೆ, ಡಿಪ್ಲಾಯ್ ಆಗುವವರೆಗೆ, ಅಂದರೆ ಹೊಸ ಕೋಡ್ ಸರ್ವರ್‌ಗೆ ಏರುವವರೆಗೆ. ನಮ್ಮ ಕೆಲಸದಲ್ಲಿ ಅರ್ಧ ನಿಮಿಷದಿಂದ ಐದಾರು ನಿಮಿಷದವರೆಗಿನ ಇಂಥ ತೂತುಗಳು ದಿನವಿಡೀ ಇವೆ. ಎದ್ದು ಹೋಗುವಷ್ಟು ದೊಡ್ಡವಲ್ಲ, ಸುಮ್ಮನೆ ಕೂರುವಷ್ಟು ಚಿಕ್ಕವೂ ಅಲ್ಲ. ಆ ಹೊತ್ತಿಗೆ ಕೈ ಚಾಟ್‌ಗೆ ಹೋಗುತ್ತದೆ. ಟೆಸ್ಟ್ ಎರಡು ನಿಮಿಷಕ್ಕೆ ಮುಗಿದಿರುತ್ತದೆ, ನಾನು ಹತ್ತು ನಿಮಿಷ ಬಿಟ್ಟು ಬಂದಿರುತ್ತೇನೆ. ಬಂದಾಗ ಟೆಸ್ಟ್ ಫೇಲ್ ಆಗಿರುತ್ತದೆ. ಯಾಕೆ ಅಂತ ಮತ್ತೆ ಮೊದಲಿಂದ ಯೋಚಿಸಬೇಕು.

ಇದನ್ನು ನಾನು ಊಹಿಸಿದ್ದೆ. ಊಹಿಸದೇ ಇದ್ದದ್ದು ಇನ್ನೊಂದಿತ್ತು. ಕೆಲವು ಗೀಟುಗಳ ಪಕ್ಕ ಕಾರಣವೇ ಇರಲಿಲ್ಲ. ಯಾರೂ ಕರೆದಿಲ್ಲ, ನೋಟಿಫಿಕೇಶನ್ ಬಂದಿಲ್ಲ, ಏನೂ ಕಾಯುತ್ತಿಲ್ಲ. ಆಗ ಏನು ಮಾಡುತ್ತಿದ್ದೆ ಅಂತ ನೋಡಿದರೆ ಎಲ್ಲವೂ ಒಂದೇ ಥರದ ಗಳಿಗೆ. ಎರಡು ದಾರಿಗಳಲ್ಲಿ ಯಾವುದು ಅಂತ ತೀರ್ಮಾನಿಸಬೇಕು. ಈ ಸ್ಟೇಟ್ (ಪುಟ ನೆನಪಿಟ್ಟುಕೊಳ್ಳುವ ಮಾಹಿತಿ) ಇಲ್ಲಿರಬೇಕಾ, ಮೇಲಿನ ಕಾಂಪೊನೆಂಟ್‌ಗೆ (ಪುಟದ ಇನ್ನೊಂದು ತುಂಡಿಗೆ) ಹೋಗಬೇಕಾ? ಡೇಟಾಬೇಸ್‌ನ ಈ ಟೇಬಲ್ ಒಡೆಯಬೇಕಾ, ಹಾಗೇ ಇರಲಾ? ಯೋಚನೆ ಕಷ್ಟವಾದ ತಕ್ಷಣ ಬೆರಳು ತಾನಾಗಿ ಹೊಸ ಟ್ಯಾಬ್ ತೆರೆಯುತ್ತಿತ್ತು. ಅಂದರೆ ನೋಟಿಫಿಕೇಶನ್‌ಗಳನ್ನು ಬೈದು ಉಪಯೋಗವಿಲ್ಲ. ಅವೆಲ್ಲ ಆಫ್ ಆಗಿದ್ದರೂ ನಾನೇ ಎದ್ದು ಹೋಗುತ್ತಿದ್ದೆ.

ಈ ವಿಷಯದಲ್ಲಿ ಸಂಶೋಧನೆ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಗ್ಲೋರಿಯಾ ಮಾರ್ಕ್ ಮತ್ತು ಜೊತೆಯವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ನಡುವೆ ಅಡ್ಡಿಯಾದವರು ಕೆಲಸವನ್ನು ನಿಧಾನವಾಗಿ ಅಲ್ಲ, ಬೇಗ ಮುಗಿಸಿದರು. ಹೋದ ಹೊತ್ತನ್ನು ಓಡಿ ತುಂಬಿಕೊಂಡರು. ಆದರೆ ಒತ್ತಡ, ಕಿರಿಕಿರಿ, ಹೊತ್ತು ಸಾಲದು ಅನ್ನುವ ಭಾವ ಜಾಸ್ತಿಯಾಗಿತ್ತು. ಏನೂ ಬರೆಯದೆ ಸುಸ್ತಾಗುವುದು ಹೇಗೆ ಅಂತ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದು ಇನ್ನೊಂದು ಸಂಗತಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ. ಕೋಡ್ ವಿಷಯದಲ್ಲಿ ಇದು ಇನ್ನೂ ಕಷ್ಟ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಯಾವ ವೇರಿಯಬಲ್ ಎಲ್ಲಿ ಬದಲಾಗುತ್ತದೆ ಅನ್ನುವುದೆಲ್ಲ ತಲೆಯಲ್ಲಿ ಇಟ್ಟುಕೊಂಡಿರುವುದು ತುಂಬಿದ ಬಿಂದಿಗೆ ಹೊತ್ತು ನಡೆದ ಹಾಗೆ. ಯಾರಾದರೂ ಹೆಸರು ಹಿಡಿದು ಕರೆದರೆ ಸಾಕು, ಚೆಲ್ಲುತ್ತದೆ.

ಸರಿ, ಒಂದು ಬೆಳಿಗ್ಗೆ ವೈಫೈ ಆಫ್ ಮಾಡಿ ಕೂತೆ. ನನ್ನದೇ ಆ್ಯಪ್ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ನನ್ನ ಮಷೀನ್‌ನಲ್ಲೇ, ತೆರೆದರೆ ಗುರುತೇ ಸಿಗಲಿಲ್ಲ. ಫಾಂಟ್ ಬರುತ್ತಿದ್ದದ್ದು ಯಾವುದೋ ಸಿಡಿಎನ್‌ನಿಂದ (ಫೈಲ್ ಹಂಚುವ ಹೊರಗಿನ ಸರ್ವರ್‌ಗಳಿಂದ), ಅದಿಲ್ಲ. ಐಕಾನ್‌ಗಳ ಜಾಗದಲ್ಲಿ ಖಾಲಿ ಚೌಕಗಳು. ಲಾಗಿನ್ ಹೊರಗಿನ ಸೇವೆಯದು, ಹಾಗಾಗಿ ಒಳಗೆ ಹೋಗಲೂ ಆಗದು. ಹೇಗೋ ಒಳಗೆ ಹೋದರೂ ಡೇಟಾ ಬರಬೇಕಾದ್ದು ಸ್ಟೇಜಿಂಗ್ ಸರ್ವರ್‌ನಿಂದ, ಅಂದರೆ ಪರೀಕ್ಷೆಗೆ ಇಟ್ಟ ಸರ್ವರ್‌ನಿಂದ. ಎರರ್‌ಗಳು ಕಾಣುವ ಕನ್ಸೋಲ್ ತುಂಬ ಕೆಂಪು. ನಮ್ಮ ಮಷೀನ್‌ನಲ್ಲಿ ಓಡುತ್ತಿದೆ ಅಂತ ನಾವಂದುಕೊಳ್ಳುವ ಆ್ಯಪ್‌ನಲ್ಲಿ ನಮ್ಮ ಮಷೀನ್‌ನಲ್ಲಿರುವುದು ಎಷ್ಟು ಸ್ವಲ್ಪ ಅಂತ ಹೀಗೆ ನೋಡಿದರೇ ಗೊತ್ತಾಗುವುದು. ನೆಟ್‌ವರ್ಕ್ ಕೆಟ್ಟಿರುವ ಬಳಕೆದಾರರಿಗೆ ದಿನಾ ಕಾಣುವುದೂ ಇದೇ ಅಲ್ವಾ? ಬ್ರೌಸರ್‌ನಲ್ಲೇ ಡೆವಲಪರ್‌ಗಳಿಗೆ ಇರುವ ಡೆವ್‌ಟೂಲ್ಸ್‌ನಲ್ಲಿ ‘ಆಫ್‌ಲೈನ್’ ಅಂತ ಒಂದು ಆಯ್ಕೆ ಇದೆ, ನಿಧಾನ ನೆಟ್‌ವರ್ಕ್ ನಟಿಸುವ ಆಯ್ಕೆಯೂ ಇದೆ. ಅದನ್ನು ಒತ್ತಿ ನೋಡುವವರು ಕಡಿಮೆ.

ಹಾಗಾಗಿ ಮುಂದಿನ ಕೆಲವು ವಾರ ಹೋದದ್ದು ತಯಾರಿಗೆ. ಫಾಂಟ್, ಐಕಾನ್ ಎಲ್ಲ ಪ್ರಾಜೆಕ್ಟ್ ಒಳಗೇ ತಂದು ಇಟ್ಟೆ. ಡೇಟಾಬೇಸ್ ಡಾಕರ್‌ನಲ್ಲಿ (ತಂತ್ರಾಂಶವನ್ನು ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸುವ ಟೂಲ್) ನನ್ನ ಮಷೀನ್ ಮೇಲೇ ಏಳುವಂತೆ ಮಾಡಿ, ಅದಕ್ಕೆ ಸುಳ್ಳು ಡೇಟಾ ತುಂಬುವ ಒಂದು ಸ್ಕ್ರಿಪ್ಟ್ ಬರೆದೆ. ಇದರಲ್ಲಿ ಸ್ವಲ್ಪ ತರಲೆಯೂ ಬೇಕು. ತುಂಬ ಉದ್ದದ ಹೆಸರು, ಖಾಲಿ ವಿಳಾಸ, ಎಮೋಜಿ ಇರುವ ಕಂಪನಿ ಹೆಸರು, ಒಂದೂ ಆರ್ಡರ್ ಇಲ್ಲದ ಗ್ರಾಹಕ. ಸ್ಟೇಜಿಂಗ್‌ನಲ್ಲಿ ಇಂಥವು ಬೇಕಾದಾಗ ಸಿಗುವುದಿಲ್ಲ. ಹೊರಗಿನ ಎಪಿಐಗಳಿಗೆ (ನಮ್ಮ ಕೋಡ್ ಕರೆಯುವ ಹೊರಗಿನ ಸೇವೆಗಳಿಗೆ) ಮಾಕ್ ಸರ್ವಿಸ್ ವರ್ಕರ್ ಅನ್ನುವ ಟೂಲ್ ಹಾಕಿದೆ. ಅದು ಬ್ರೌಸರ್‌ನಿಂದ ಹೊರಡುವ ಕರೆಯನ್ನು ದಾರಿಯಲ್ಲೇ ತಡೆದು ನಾವು ಬರೆದಿಟ್ಟ ಉತ್ತರ ಕೊಡುತ್ತದೆ. ಡಾಕ್ಯುಮೆಂಟೇಶನ್‌ಗೆ ದಾರಿ ಮೊದಲೇ ಇತ್ತು. ಡೆವ್‌ಡಾಕ್ಸ್ ಅನ್ನುವ ಸೈಟ್‌ನಲ್ಲಿ ಬೇಕಾದ್ದನ್ನು ಆಫ್‌ಲೈನ್ ಇಳಿಸಿಕೊಳ್ಳಬಹುದು. ವಿಂಡೋಸ್, ಲಿನಕ್ಸ್‌ನಲ್ಲಿ ಝೀಲ್ ಇದೆ, ಮ್ಯಾಕ್‌ನಲ್ಲಿ ಡ್ಯಾಶ್. ವೆಬ್ ಭಾಷೆಗಳ ಕೈಪಿಡಿ ಎಂಡಿಎನ್‌ನ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಪುಟಗಳು ಇವುಗಳಲ್ಲಿ ಸಿಗುತ್ತವೆ. ನನ್ನ ದಿನದ ಮುಕ್ಕಾಲು ಅನುಮಾನಗಳಿಗೆ ಅಷ್ಟು ಸಾಕು.

ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ವಿಷಯದಲ್ಲಿ ಏನೂ ಮಾಡಬೇಕಾಗಲಿಲ್ಲ. ಗಿಟ್ ಅಂದರೆ ಯಾವುದೋ ವೆಬ್‌ಸೈಟ್ ಅಂತ ತಿಳಿದ ಹೊಸಬರು ಈಗಲೂ ಸಿಗುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಅದನ್ನು ಬರೆದಾಗ, ಪ್ರತಿಯೊಬ್ಬರ ಮಷೀನ್‌ನಲ್ಲೂ ಪೂರ್ತಿ ಇತಿಹಾಸ ಇರಬೇಕು ಅನ್ನುವುದೇ ಅದರ ಬುನಾದಿಯಾಗಿತ್ತು. ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಬ್ರಾಂಚ್, ಲಾಗ್, ಬ್ಲೇಮ್, ಬೈಸೆಕ್ಟ್ ಯಾವುದಕ್ಕೂ ನೆಟ್ ಬೇಡ. ಪುಶ್, ಪುಲ್, ಫೆಚ್‌ಗೆ ಮಾತ್ರ ಬೇಕು. ನೆಟ್ ಇಲ್ಲದ ಹೊತ್ತಿನಲ್ಲಿ ನಾನು ಲಾಗ್ ಓದುವುದು ಜಾಸ್ತಿಯಾಯಿತು. ಈ ಸಾಲು ಯಾಕೆ ಹೀಗಿದೆ ಅಂತ ಸಹೋದ್ಯೋಗಿಗೆ ಮೆಸೇಜ್ ಹಾಕುವ ಬದಲು, ಆ ಸಾಲು ಬಂದ ಕಮಿಟ್ ತೆರೆದು ನೋಡುವುದು. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತಿತ್ತು. ಇನ್ನೆಷ್ಟೋ ಸಲ ‘ಫಿಕ್ಸ್’ ಅಂತ ಒಂದೇ ಪದ ಇರುತ್ತಿತ್ತು, ಅದು ಬೇರೆ ಮಾತು.

ಕೆಲಸದ ರೀತಿ ಹೇಗೆ ಬದಲಾಯಿತು ಅನ್ನೋದಕ್ಕೆ ಒಂದು ಬಗ್ ಹೇಳುತ್ತೇನೆ. ಉದ್ದದ ಟೇಬಲ್, ಅದರ ಹೆಡರ್ ಸ್ಕ್ರಾಲ್ ಮಾಡಿದಾಗ ಮೇಲೆ ನಿಲ್ಲಬೇಕು. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಪೊಸಿಶನ್ ಸ್ಟಿಕಿ ಕೊಟ್ಟಿದ್ದೇವೆ, ಟಾಪ್ ಸೊನ್ನೆ ಕೊಟ್ಟಿದ್ದೇವೆ. ಆದರೂ ಹೆಡರ್ ಟೇಬಲ್ ಜೊತೆ ಮೇಲೆ ಹೋಗಿಬಿಡುತ್ತದೆ. ನೆಟ್ ಇದ್ದಿದ್ದರೆ ಹುಡುಕಿ, ಮೊದಲು ಸಿಕ್ಕ ಉತ್ತರ ಅಂಟಿಸಿ, ಆಗದಿದ್ದರೆ ಎರಡನೆಯದು, ಕೊನೆಗೆ ಝಡ್ ಇಂಡೆಕ್ಸ್ (ಯಾವುದರ ಮೇಲೆ ಯಾವುದು ಅನ್ನುವ ಸಂಖ್ಯೆ) ಒಂಬತ್ತು ಸಾವಿರ ಚಿಲ್ಲರೆ ಕೊಟ್ಟು ದೇವರ ಮೇಲೆ ಭಾರ ಹಾಕುವುದು. ಈಗ ಅದಿಲ್ಲ. ಝೀಲ್ ತೆರೆದು ಸ್ಟಿಕಿ ಬಗ್ಗೆ ಪೂರ್ತಿ ಓದಿದೆ. ಹೀಗಿದೆ ಅಲ್ಲಿ: ಸ್ಟಿಕಿ ಅಂಶ ಅಂಟಿಕೊಳ್ಳುವುದು ತನ್ನ ಮೇಲಿನ ಪೂರ್ವಜರಲ್ಲಿ ಸ್ಕ್ರಾಲ್ ವ್ಯವಸ್ಥೆ ಇರುವ ಅತಿ ಹತ್ತಿರದವರಿಗೆ. ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಇದ್ದರೂ ಅದು ಸ್ಕ್ರಾಲ್ ವ್ಯವಸ್ಥೆಯ ಲೆಕ್ಕಕ್ಕೇ ಸೇರುತ್ತದೆ, ನಿಜವಾಗಿ ಸ್ಕ್ರಾಲ್ ಆಗದಿದ್ದರೂ ಸರಿ.

ಡೆವ್‌ಟೂಲ್ಸ್‌ನಲ್ಲಿ ಹೆಡರ್‌ನಿಂದ ಶುರು ಮಾಡಿ ಒಂದೊಂದೇ ಡಿವ್ (ಪುಟದ ಪೆಟ್ಟಿಗೆ) ಹತ್ತುತ್ತಾ ಹೋದೆ. ಇದರಲ್ಲಿಲ್ಲ, ಇದರಲ್ಲೂ ಇಲ್ಲ. ಕೊನೆಗೆ ಇಡೀ ಪುಟವನ್ನು ಸುತ್ತಿದ್ದ ಹೊರಗಿನ ಡಿವ್‌ನಲ್ಲಿ ಸಿಕ್ಕಿತು. ಮೊಬೈಲ್‌ನಲ್ಲಿ ಪುಟ ಅಡ್ಡಕ್ಕೆ ಜಾರಬಾರದು ಅಂತ ಯಾವತ್ತೋ ಓವರ್‌ಫ್ಲೋ ಎಕ್ಸ್‌ಗೆ ಹಿಡನ್ ಕೊಟ್ಟಿದ್ದಾರೆ. ಎಕ್ಸ್‌ಗೆ ತಾನೆ, ನಾವು ಸ್ಕ್ರಾಲ್ ಮಾಡುವುದು ವೈನಲ್ಲಿ, ಮೇಲೆ ಕೆಳಗೆ, ಅನ್ನಿಸಬಹುದು. ಆದರೆ ಒಂದು ಕಡೆ ಹಿಡನ್ ಕೊಟ್ಟರೆ ಇನ್ನೊಂದು ಕಡೆಯ ವಿಸಿಬಲ್ ತಾನಾಗಿ ಆಟೊ ಆಗಿಬಿಡುತ್ತದೆ, ಆ ಡಿವ್ ಸ್ಕ್ರಾಲ್ ಕಂಟೇನರ್ ಆಗುತ್ತದೆ. ಸಿಎಸ್‌ಎಸ್‌ನ ನಿಯಮವೇ ಹಾಗೆ. ಹಿಡನ್ ತೆಗೆದು ಕ್ಲಿಪ್ ಹಾಕಿದೆ. ಕ್ಲಿಪ್ ಅಂಚನ್ನು ಕತ್ತರಿಸುತ್ತದೆ, ಸ್ಕ್ರಾಲ್ ಕಂಟೇನರ್ ಹುಟ್ಟಿಸುವುದಿಲ್ಲ. ಹೆಡರ್ ನಿಂತಿತು. ಹುಡುಕಿದ್ದರೆ ಇದಕ್ಕಿಂತ ಬೇಗ ಮುಗಿಯುತ್ತಿತ್ತೇನೋ, ಇಲ್ಲ ಅನ್ನುವುದಿಲ್ಲ. ಆದರೆ ಅದಾದ ಮೇಲೆ ಸ್ಟಿಕಿ ಯಾವತ್ತೂ ನನ್ನನ್ನು ಕಾಡಿಲ್ಲ. ಬೇರೆಯವರ ಪುಟದಲ್ಲಿ ಸ್ಟಿಕಿ ಕೆಲಸ ಮಾಡದಿದ್ದರೂ ಎಲ್ಲಿ ನೋಡಬೇಕು ಅಂತ ಕೂತಲ್ಲೇ ಹೇಳುತ್ತೇನೆ.

ಪ್ಯಾಕೇಜ್‌ಗಳ ಚಟವೂ ಕಡಿಮೆಯಾಯಿತು. ನೆಟ್ ಇಲ್ಲದಾಗ ಹೊಸದನ್ನು ಇನ್‌ಸ್ಟಾಲ್ ಮಾಡಲಾಗುವುದಿಲ್ಲ. ಆಗ ಬ್ರೌಸರ್‌ನಲ್ಲೇ ಏನಿದೆ ಅಂತ ನೋಡುತ್ತೇವೆ. ನೋಡಿದರೆ ಬೇಕಾದಷ್ಟಿದೆ. ದಿನಾಂಕ, ಸಂಖ್ಯೆ, ಹಣ ಬರೆಯುವುದಕ್ಕೆ ಇಂಟ್ಲ್ ಇದೆ. ಪಾಪಪ್‌ಗೆ ಡೈಲಾಗ್ ಅನ್ನುವ ಟ್ಯಾಗೇ ಇದೆ. ಆಬ್ಜೆಕ್ಟ್ ಪೂರ್ತಿ ನಕಲು ಮಾಡಲು ಸ್ಟ್ರಕ್ಚರ್ಡ್ ಕ್ಲೋನ್ ಇದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರೇ ಎನ್‌ಪಿಎಂ ಅನ್ನುವ ಪ್ಯಾಕೇಜ್ ಭಂಡಾರದಿಂದ ತೆಗೆದಾಗ ಜಗತ್ತಿನಾದ್ಯಂತ ಅದನ್ನು ನೆಚ್ಚಿದ್ದ ಬಿಲ್ಡ್‌ಗಳು (ಕೋಡ್ ಜೋಡಿಸುವ ಕೆಲಸಗಳು) ಬಿದ್ದವು. ಅದು ಮಾಡುತ್ತಿದ್ದದ್ದು ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದು, ಅಷ್ಟೇ. ಮರುವರ್ಷವೇ ಜಾವಾಸ್ಕ್ರಿಪ್ಟ್‌ಗೆ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಬಂತು. ಹಾಗಂತ ಎಲ್ಲವನ್ನೂ ನಾವೇ ಬರೆಯಬೇಕು ಅಂತಲ್ಲ. ಲಾಗಿನ್, ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಬರೆಯಲು ಹೊರಟವರನ್ನು ನಾನೇ ತಡೆಯುತ್ತೇನೆ.

ಇನ್ನು ಎಐ ಸಹಾಯಕರು. ವೈಫೈ ಹೋದರೆ ಅವರೂ ಹೋಗುತ್ತಾರೆ. ಲೋಕಲ್ ಮಾಡೆಲ್ ಓಡಿಸಬಹುದು, ಬೇಕಂತಲೇ ಹಾಕಿಕೊಂಡಿಲ್ಲ. ನಾನು ಅವರ ವಿರೋಧಿಯಲ್ಲ, ಮಧ್ಯಾಹ್ನ ಚೆನ್ನಾಗಿಯೇ ಬಳಸುತ್ತೇನೆ. ಟೆಸ್ಟ್ ಬರೆಸುವುದು, ಒಂದೇ ಥರದ ಬದಲಾವಣೆಯನ್ನು ಹತ್ತು ಫೈಲ್‌ಗೆ ಮಾಡಿಸುವುದು, ಇಂಥದ್ದಕ್ಕೆ. ಆದರೆ ಅರ್ಧ ಸಾಲು ಬರೆಯುವಷ್ಟರಲ್ಲಿ ಮುಂದಿನ ಐದು ಸಾಲು ಬೂದು ಬಣ್ಣದಲ್ಲಿ ಬಂದು ನಿಂತರೆ, ನಾನು ಬರೆಯುವವನಿಂದ ಓದುವವನಾಗುತ್ತೇನೆ. ಇದು ಸರಿಯಾ ಅಂತ ನೋಡುವ ಕೆಲಸ ಶುರುವಾಗುತ್ತದೆ, ಏನು ಬೇಕು ಅಂತ ಯೋಚಿಸುವ ಕೆಲಸ ನಿಲ್ಲುತ್ತದೆ. ಬೆಳಿಗ್ಗೆ ನನಗೆ ಎರಡನೆಯದು ಬೇಕು.

ಹಾಳೆ ಈಗಲೂ ಪಕ್ಕದಲ್ಲಿದೆ, ಕೆಲಸ ಬೇರೆ. ‘ನೆಟ್ ಬಂದಾಗ ನೋಡುವುದು’ ಅಂತ ಮೇಲೆ ಬರೆದು, ಕೆಳಗೆ ಪ್ರಶ್ನೆಗಳು. ಹುಡುಕಬೇಕಾದ್ದು, ಕೇಳಬೇಕಾದ್ದು, ಹೇಳಬೇಕಾದ್ದು. ವೈಫೈ ಆನ್ ಮಾಡುವ ಹೊತ್ತಿಗೆ ಅದರಲ್ಲಿ ಒಳ್ಳೆಯ ಪಾಲು ತಾನಾಗೇ ಬಗೆಹರಿದಿರುತ್ತದೆ. ಉಳಿದವುಗಳಲ್ಲೂ ಕೆಲವನ್ನು ನೋಡಿದರೆ ನಗು ಬರುತ್ತದೆ, ಇದನ್ನೂ ಕೇಳಬೇಕು ಅಂದುಕೊಂಡಿದ್ದೆನಲ್ಲ ಅಂತ.

ಎಲ್ಲಕ್ಕಿಂತ ಕಷ್ಟ ಅಂದುಕೊಂಡದ್ದು ತಂಡವನ್ನು ಒಪ್ಪಿಸುವುದು. ನಾನು ಯಾರಿಗೂ ಹೇಳದೆ ಮಾಯವಾಗಲಿಲ್ಲ. ಬೆಳಿಗ್ಗೆ ಈ ಹೊತ್ತಿನಿಂದ ಈ ಹೊತ್ತಿನವರೆಗೆ ಮೆಸೇಜ್ ನೋಡುವುದಿಲ್ಲ, ಬೇರೆಯವರ ಕೋಡ್ ನೋಡುವ ರಿವ್ಯೂ ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಅಂತ ಮೊದಲೇ ಹೇಳಿದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೇರವಾಗಿಯೇ ಕೇಳಿದಳು.

“ಸರ್, ಅಷ್ಟರಲ್ಲಿ ಪ್ರೊಡಕ್ಷನ್ ಬಿದ್ರೆ? ಜನ ಬಳಸೋ ಸೈಟೇ ನಿಂತ್ರೆ?”

“ಫೋನ್ ಮಾಡಮ್ಮ. ಎತ್ತುತ್ತೇನೆ.”

“ಚಿಕ್ಕ ಡೌಟ್‌ಗೂ ಮಾಡಬಹುದಾ?”

“ಮಾಡು. ಫೋನ್ ಮಾಡುವಷ್ಟು ದೊಡ್ಡದು ಅನಿಸಿದರೆ ಮಾಡು.”

ಕರೆ ಬಂದದ್ದು ತೀರಾ ಅಪರೂಪಕ್ಕೆ. ಮೆಸೇಜ್ ಹಾಕುವವರಿಗೆ ಅದರಿಂದ ಏನೂ ಖರ್ಚಿಲ್ಲ. ಫೋನ್ ಮಾಡುವಾಗ ಮಾತ್ರ ಇದು ಬೇಕಾ ಅಂತ ಒಂದು ಕ್ಷಣ ಯೋಚಿಸುತ್ತಾರೆ. ಆ ಒಂದು ಕ್ಷಣವೇ ಸಾಕು, ಮುಕ್ಕಾಲು ಅರ್ಜೆಂಟುಗಳು ಅಲ್ಲೇ ಕರಗುತ್ತವೆ. ಇದರ ಜೊತೆ ಇನ್ನೊಂದು ಒಳ್ಳೆಯದಾಯಿತು. ‘ಹಾಯ್’ ಅಂತ ಹಾಕಿ, ನಾವು ‘ಹಾಯ್, ಹೇಳಿ’ ಅನ್ನುವವರೆಗೆ ಕಾಯುವ ಒಂದು ಜಾತಿ ಇದೆಯಲ್ಲ, ಅವರು ಪೂರ್ತಿ ಪ್ರಶ್ನೆ ಬರೆಯತೊಡಗಿದರು. ನಾನು ಮಧ್ಯಾಹ್ನವೇ ಸಿಗುವುದು ಅಂದಮೇಲೆ ಯಾವ ಪುಟ, ಏನು ಮಾಡಿದಾಗ, ಯಾವ ಎರರ್, ಸ್ಕ್ರೀನ್‌ಶಾಟ್ ಎಲ್ಲ ಒಂದೇ ಮೆಸೇಜ್‌ನಲ್ಲಿ ಬರಬೇಕಾಯಿತು. ಹಾಗೆ ಬರೆಯುತ್ತಾ ಅವರಿಗೇ ಉತ್ತರ ಹೊಳೆದು ಮೆಸೇಜ್ ಅಳಿಸಿದ್ದೂ ಉಂಟು. ರಿವ್ಯೂ ಮಾತ್ರ ನಿಜವಾದ ತೊಂದರೆ. ಒಬ್ಬರ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ನನಗಾಗಿ ಅರ್ಧ ದಿನ ಕಾದರೆ ಅದು ನನ್ನ ನೆಮ್ಮದಿಯ ಬಿಲ್ಲನ್ನು ಅವರಿಗೆ ಕಳಿಸಿದ ಹಾಗೆ. ಹಾಗಾಗಿ ಎಲ್ಲರೂ ಚಿಕ್ಕ ಚಿಕ್ಕದಾಗಿ ಕಳಿಸುವ ರೂಢಿ ಮಾಡಿಕೊಂಡೆವು. ಚಿಕ್ಕದಾದರೆ ಯಾರು ಬೇಕಾದರೂ ನೋಡಬಹುದು.

ಈ ನಡುವೆ ಪೊಮೊಡೊರೊ ಕೂಡ ಮಾಡಿ ನೋಡಿದೆ. ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಗೆ ರೂಪಿಸಿದ ಪದ್ಧತಿ, 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಮೇಲ್‌ಗಳಿಗೆ ಉತ್ತರಿಸುವುದಕ್ಕೆ, ಡಾಕ್ಯುಮೆಂಟ್ ಬರೆಯುವುದಕ್ಕೆ ಚೆನ್ನಾಗಿದೆ. ಬಗ್ ಹುಡುಕುವಾಗ ಬೇಡ. ಎಲ್ಲ ತಲೆಗೆ ಹತ್ತಿ ಒಂದು ರೂಪಕ್ಕೆ ಬರುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತದೆ.

ಬೆಳಗಿನದು ಹೀಗೆ ಹತೋಟಿಗೆ ಬಂತು. ರಾತ್ರಿಯದು ಬರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೂ ತಲೆಯೊಳಗೆ ಕೋಡ್ ಓಡುತ್ತಿರುತ್ತದೆ, ಈ ಕೆಲಸದವರಿಗೆಲ್ಲ ಗೊತ್ತು. ಮುಗಿಸದ ಕೆಲಸ ಮನಸ್ಸಿನಲ್ಲಿ ಜಾಸ್ತಿ ಉಳಿಯುತ್ತದೆ ಅಂತ ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಆಮೇಲೆ ಮಾಡಿದ ಪ್ರಯೋಗಗಳಲ್ಲಿ ಎಲ್ಲ ಕಡೆ ಅದೇ ಫಲ ಬರಲಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ. ಕೆಲಸ ಮುಗಿಯದಿದ್ದರೂ ಪರವಾಗಿಲ್ಲ, ಅದನ್ನು ಹೇಗೆ ಮಾಡುತ್ತೇನೆ ಅಂತ ನಿರ್ದಿಷ್ಟವಾದ ಯೋಜನೆ ಮಾಡಿಟ್ಟರೆ ಅದು ನಡುನಡುವೆ ಬಂದು ಕಾಡುವುದು ನಿಲ್ಲುತ್ತದೆ ಅಂತ.

ನಿರ್ದಿಷ್ಟ ಅನ್ನುವುದೇ ಇಲ್ಲಿ ಮುಖ್ಯ. ‘ನಾಳೆ: ಇನ್‌ವಾಯ್ಸ್ ಪುಟ’ ಅಂತ ಬರೆದಿಟ್ಟರೆ ಏನೂ ಆಗುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಇನ್‌ವಾಯ್ಸ್ ಪುಟ ಬಂದು ಕೂರುತ್ತದೆ. ಈಗ ನಾನು ಫೈಲ್‌ನ ತುದಿಯಲ್ಲೇ ಕಾಮೆಂಟ್ ಹಾಕುತ್ತೇನೆ: ‘ಒಟ್ಟು ಮೊತ್ತದ ಟೆಸ್ಟ್ ಕೆಂಪು. ರಿಯಾಯಿತಿ ಇಲ್ಲದಿದ್ದಾಗ ನಲ್ ಬರುತ್ತಿದೆ, ಸೊನ್ನೆ ಬರಬೇಕು. ಮೊದಲು ಅದನ್ನು ಸರಿಪಡಿಸಿ, ಆಮೇಲೆ ತೆರಿಗೆ.’ ಸಾಧ್ಯವಾದರೆ ಒಂದು ಟೆಸ್ಟ್ ಬೇಕಂತಲೇ ಫೇಲ್ ಆಗುವ ಸ್ಥಿತಿಯಲ್ಲಿ ಬಿಟ್ಟು ಏಳುತ್ತೇನೆ. ಬೆಳಿಗ್ಗೆ ಬಂದು ಟೆಸ್ಟ್ ಓಡಿಸಿದರೆ ಎಲ್ಲಿ ಕೂರಬೇಕು ಅಂತ ಅದೇ ಹೇಳುತ್ತದೆ. ಎಲ್ಲವೂ ಹಸಿರಾದಾಗ ನಿಲ್ಲಿಸುವುದಕ್ಕಿಂತ ಇದು ಒಳ್ಳೆಯದು. ಹಸಿರಾದಾಗ ನಿಲ್ಲಿಸಿದರೆ ಮರುದಿನ ಎಲ್ಲಿಂದ ಶುರು ಮಾಡಲಿ ಅಂತ ಮೊದಲು ಚಾಟ್ ತೆರೆಯುವುದೇ. ನಡೆಯಲು ಹೋದಾಗ, ಸ್ನಾನ ಮಾಡುವಾಗ ಉತ್ತರ ಹೊಳೆಯುತ್ತದೆ ಅನ್ನುತ್ತಾರೆ ಜನ. ನನಗೆ ಉತ್ತರ ಹೊಳೆಯುವುದು ಕಡಿಮೆ. ಕೇಳುತ್ತಿದ್ದ ಪ್ರಶ್ನೆಯೇ ತಪ್ಪು ಅಂತ ಹೊಳೆಯುವುದು ಜಾಸ್ತಿ.

ರಜೆಯ ಕಥೆ ಬೇರೆ. ರಜೆಯಲ್ಲಿ ಫೋನ್ ನೋಡಬೇಡ ಅಂತ ಮನೆಯವರು, ಗೆಳೆಯರು ಎಲ್ಲ ಹೇಳುತ್ತಾರೆ. ಮನಸ್ಸು ಗಟ್ಟಿ ಮಾಡಿಕೋ ಅಂತ. ಮನಸ್ಸು ಎಷ್ಟು ಗಟ್ಟಿಯಾದರೂ, ಸರ್ವರ್ ಬಿದ್ದರೆ ಎಬ್ಬಿಸಲು ಗೊತ್ತಿರುವುದು ನನಗೊಬ್ಬನಿಗೇ ಅಂತಾದರೆ ಫೋನ್ ನೋಡಲೇಬೇಕಾಗುತ್ತದೆ. ಅದು ಚಟವಲ್ಲ, ಜವಾಬ್ದಾರಿ. ಹಾಗಾಗಿ ಪ್ರಶ್ನೆ ಫೋನಿನದಲ್ಲ, ಸಿಸ್ಟಮ್‌ನದು. ನಾನಿಲ್ಲದಾಗ ಏನು ಒಡೆಯಬಹುದು ಅಂತ ಪಟ್ಟಿ ಮಾಡಿದೆ. ಹಿಂದಿನ ಅಲರ್ಟ್‌ಗಳನ್ನೆಲ್ಲ ಹರಡಿಕೊಂಡು ಒಂದೊಂದಕ್ಕೂ ಒಂದೇ ಪ್ರಶ್ನೆ: ಇದು ಬಂದಾಗ ಯಾರಾದರೂ ಏನಾದರೂ ಮಾಡಿದರಾ? ಸಿಪಿಯು ಎಂಬತ್ತು ಶೇಕಡಾ ದಾಟಿತು ಅನ್ನುವ ಅಲರ್ಟ್ ರಾತ್ರಿಯೆಲ್ಲ ಬರುತ್ತಿತ್ತು. ಯಾರೂ ಏನೂ ಮಾಡುತ್ತಿರಲಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತಿತ್ತು. ಅದನ್ನು ಅಲರ್ಟ್ ಪಟ್ಟಿಯಿಂದ ತೆಗೆದು ಡ್ಯಾಶ್‌ಬೋರ್ಡ್‌ಗೆ ಹಾಕಿದೆವು. ಅದರ ಬದಲು ಬಳಕೆದಾರರಿಗೆ ಎರರ್ ಬರುವ ಪ್ರಮಾಣ ಏರಿದರೆ, ಪುಟ ತೆರೆಯಲು ತಡವಾದರೆ ಮಾತ್ರ ಫೋನ್ ಬಾರಿಸು ಅಂತ ಮಾಡಿದೆವು. ಒಳಗೆ ಏನು ಕುದಿಯುತ್ತಿದೆ ಅನ್ನುವುದು ಬೆಳಿಗ್ಗೆ ನೋಡುವ ವಿಷಯ.

ಮಿಕ್ಕವೆಲ್ಲ ಸಣ್ಣ ಸಣ್ಣ ಕೆಲಸಗಳು, ಯಾರೂ ಟಿಕೆಟ್ ಬರೆಯದಂಥವು. ಸೈಟಿನ ಸುರಕ್ಷತೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನಕ್ಕೆ ಮುಗಿಯುತ್ತದೆ. ಅದು ತಾನಾಗಿ ಹೊಸದಾಗಬೇಕು, ಆಗದಿದ್ದರೆ ಸಾಕಷ್ಟು ಮೊದಲೇ ತಿಳಿಸಬೇಕು. ಲಾಗ್ ಫೈಲ್ ಬೆಳೆದು ಡಿಸ್ಕ್ ತುಂಬಬಾರದು, ಹಳೆಯವು ತಾನಾಗಿ ಅಳಿಯಬೇಕು. ಹೊಸ ಫೀಚರ್‌ಗಳಿಗೆ ಫ್ಲ್ಯಾಗ್ ಹಾಕಿದೆವು, ತೊಂದರೆಯಾದರೆ ಡಿಪ್ಲಾಯ್ ಮಾಡದೆಯೇ ಆಫ್ ಮಾಡಬಹುದು. ಹಿಂದಿನ ಆವೃತ್ತಿಗೆ ಮರಳುವುದು ಒಂದೇ ಕಮಾಂಡ್ ಆಯಿತು. ಶುಕ್ರವಾರ ಮಧ್ಯಾಹ್ನದ ಮೇಲೆ ಡಿಪ್ಲಾಯ್ ಇಲ್ಲ. ಇದನ್ನು ಮೂಢನಂಬಿಕೆ ಅಂತ ನಗುವವರಿದ್ದಾರೆ. ಅವರು ಶನಿವಾರ ಆನ್‌ಕಾಲ್ (ತೊಂದರೆಯಾದರೆ ಎದ್ದು ನೋಡುವ ಸರದಿ) ಇರಲಿ ನೋಡೋಣ. ಇದರ ಮೇಲೆ ಒಂದು ರನ್‌ಬುಕ್ (ತೊಂದರೆಯಾದಾಗ ಏನು ಮಾಡಬೇಕು ಅನ್ನುವ ಕೈಪಿಡಿ) ಬರೆದು, ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು, ಆ ಹೊಸ ಹುಡುಗಿಯ ಕೈಯಲ್ಲಿ ಸ್ಟೇಜಿಂಗ್ ಡೇಟಾಬೇಸನ್ನು ಬ್ಯಾಕಪ್‌ನಿಂದ ಮರಳಿ ತರಿಸಿದೆ. ಅವಳು ಎಲ್ಲೆಲ್ಲಿ ನಿಂತು ನನ್ನ ಮುಖ ನೋಡಿದಳೋ ಅಲ್ಲೆಲ್ಲ ರನ್‌ಬುಕ್‌ನಲ್ಲಿ ಒಂದು ಸಾಲು ಕಡಿಮೆ ಇತ್ತು. ಅಲ್ಲಲ್ಲೇ ಸೇರಿಸಿದೆವು.

ಆಮೇಲೆ ರಜೆಗೆ ಹೋದೆ. ಕೆಲಸದ ಚಾಟ್ ಮ್ಯೂಟ್ ಮಾಡಲಿಲ್ಲ, ಫೋನ್‌ನಿಂದ ತೆಗೆದೇಬಿಟ್ಟೆ. ಮ್ಯೂಟ್ ಆದರೂ ಐಕಾನ್ ಮೇಲೆ ಕೆಂಪು ಚುಕ್ಕೆ ಕಾಯುತ್ತಿರುತ್ತದೆ. ಪರದೆಯನ್ನು ಕಪ್ಪುಬಿಳುಪು ಮಾಡುವುದು, ಸಮಯದ ಮಿತಿ ಹಾಕುವುದು, ಇವೆಲ್ಲ ನನಗೆ ಜಾಸ್ತಿ ಕೆಲಸ ಮಾಡಲಿಲ್ಲ. ಆ್ಯಪ್ ಇಲ್ಲದಿರುವುದು ಕೆಲಸ ಮಾಡಿತು. ಮೊದಮೊದಲು ಜೇಬಿನಲ್ಲಿ ಫೋನ್ ನಡುಗಿದ ಹಾಗೆ ಆಗುವುದು, ತೆಗೆದು ನೋಡಿದರೆ ಏನೂ ಇಲ್ಲ. ಆಮೇಲೆ ಬೇಜಾರು ಶುರುವಾಯಿತು. ಈ ಬೇಜಾರಿನ ಬಗ್ಗೆ ಯಾರೂ ಹೇಳಿರಲಿಲ್ಲ. ಕೆಲಸದಿಂದ ದೂರವಾದರೆ ತಾನಾಗಿ ಖುಷಿ ಬರುತ್ತದೆ ಅನ್ನುವ ಹಾಗೆ ಮಾತಾಡುತ್ತಾರೆ. ಬರುವುದಿಲ್ಲ. ಮೊದಲು ಹೊತ್ತು ಹೋಗದೆ ಒದ್ದಾಡುವುದು ಬರುತ್ತದೆ. ಅದು ಕಳೆದ ಮೇಲೆ ಒಂದು ಪುಸ್ತಕ ಹಿಡಿದರೆ ಕೆಳಗಿಡದೆ ಓದಲಾಯಿತು.

ಫ್ರಾನ್ಸ್‌ನಲ್ಲಿ 50ಕ್ಕಿಂತ ಕಡಿಮೆಯಿಲ್ಲದಷ್ಟು ಜನ ಕೆಲಸ ಮಾಡುವ ಕಂಪನಿಗಳು ಕೆಲಸದ ಹೊತ್ತಿನಾಚೆ ಸಂಪರ್ಕಕ್ಕೆ ಸಿಗದಿರುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತುಕತೆ ಮಾಡಲೇಬೇಕು ಅನ್ನುವ ಕಾನೂನು 2017ರ ಜನವರಿ 1ರಿಂದ ಇದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಬಂತು. ಕೆಲಸದ ಹೊತ್ತು ಮುಗಿದ ಮೇಲೆ ಬಂದ ಕರೆಗೆ ಉತ್ತರ ಕೊಡದಿರಬಹುದು, ಆ ನಿರಾಕರಣೆ ಅಸಮಂಜಸವಾಗಿರಬಾರದು ಅಷ್ಟೇ. ಒಳ್ಳೆಯದೇ. ಆದರೆ ನನ್ನ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ, ಕಾನೂನು ಎಷ್ಟೇ ಗಟ್ಟಿಯಾದರೂ, ಪಾಸ್‌ವರ್ಡ್ ನನ್ನ ತಲೆಯಲ್ಲೊಂದೇ ಇದ್ದರೆ ಏನು ಮಾಡುವುದು?

ಒಂದು ವಿಚಿತ್ರವೆಂದರೆ, ನಮ್ಮನ್ನು ಎಳೆಯುವ ಈ ಸಾಮಾನುಗಳನ್ನು ಕಟ್ಟುವವರೂ ನಾವೇ. ಮುಗಿಯದ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಪುಟ ತೆರೆದ ತಕ್ಷಣ ನೋಟಿಫಿಕೇಶನ್‌ಗೆ ಒಪ್ಪಿಗೆ ಕೇಳುವ ಚಾಳಿ ಎಷ್ಟು ಜಾಸ್ತಿಯಾಯಿತೆಂದರೆ, 2020ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ಆ ಕೇಳಿಕೆಯ ಬಾಯಿ ಮುಚ್ಚಿಸುವ ದಾರಿ ಮಾಡಬೇಕಾಯಿತು. ಈಗ ಪ್ಲಾನಿಂಗ್ ಮೀಟಿಂಗ್‌ನಲ್ಲಿ ಹೊಸ ನೋಟಿಫಿಕೇಶನ್ ಪ್ರಸ್ತಾಪ ಬಂದರೆ ನಾನು ನಮ್ಮ ಅಲರ್ಟ್‌ಗಳಿಗೆ ಕೇಳಿದ ಪ್ರಶ್ನೆಯನ್ನೇ ಕೇಳುತ್ತೇನೆ. ಇದು ಬಂದಾಗ ಆ ಮನುಷ್ಯ ಏನು ಮಾಡಬೇಕು? ಏನೂ ಇಲ್ಲ ಅಂತಾದರೆ, ಅವರು ಮುಂದಿನ ಸಲ ಆ್ಯಪ್ ತೆರೆದಾಗ ತೋರಿಸೋಣ. ಎಲ್ಲ ಸಲವೂ ಗೆಲ್ಲುವುದಿಲ್ಲ. ಸೇಲ್ಸ್‌ನವರ ಹತ್ತಿರ ಯಾವಾಗಲೂ ಒಂದು ಗ್ರಾಫ್ ಇರುತ್ತದೆ.

ಮಧ್ಯಾಹ್ನಗಳು ಈಗಲೂ ಮೊದಲಿನ ಹಾಗೇ ಇವೆ. ಮೀಟಿಂಗ್, ರಿವ್ಯೂ, ಚಾಟ್, ನಡುವೆ ಟ್ಯಾಬ್‌ಗಳ ಜಾತ್ರೆ. ಅದನ್ನು ಸರಿ ಮಾಡುವ ಆಸೆ ನನಗೂ ಇಲ್ಲ. ಇನ್ನು ಬಾಕಿ ಇರುವುದು ಪೇಮೆಂಟ್ ವೆಬ್‌ಹುಕ್. ಹಣ ಬಂತು ಅಂತ ಹೊರಗಿನ ಸೇವೆ ನಮ್ಮ ಸರ್ವರ್‌ಗೆ ತಿಳಿಸುವ ಹೊತ್ತಿನಲ್ಲಿ ನಮ್ಮದು ಮಲಗಿದ್ದರೆ, ಆ ಆರ್ಡರ್‌ಗಳನ್ನು ಇವತ್ತಿಗೂ ಕೈಯಲ್ಲೇ ಹೊಂದಿಸಬೇಕು. ಎಲ್ಲಿ ನೋಡಬೇಕು ಅಂತ ಗೊತ್ತಿರುವುದು ನನಗೆ ಮಾತ್ರ. ಅದಕ್ಕೆ ಬಂದ ಸುದ್ದಿಗಳನ್ನು ಸಾಲಲ್ಲಿ ಹಿಡಿದಿಡುವ ಒಂದು ಕ್ಯೂ ಬೇಕು, ಒಂದೇ ಸುದ್ದಿ ಎರಡು ಸಲ ಬಂದರೂ ಆರ್ಡರ್ ಎರಡಾಗದ ಹಾಗೆ ಒಂದು ತಡೆ ಬೇಕು. ಟಿಕೆಟ್ ಬರೆದು ನನ್ನ ಹೆಸರಿಗೇ ಹಾಕಿಕೊಂಡಿದ್ದೇನೆ. ಕೊನೆಯ ದಿನಾಂಕದ ಜಾಗದಲ್ಲಿ ಮುಂದಿನ ರಜೆಯ ಹಿಂದಿನ ಸೋಮವಾರ ಇದೆ.